40-30-30 ಹೊಂದಿಸೋಕೆ ರಾತ್ರಿ ಅನ್ನ ಬಿಡ್ಬೇಕಾ?

ತೂಕ ಇಳಿಸ್ಲಿಕ್ಕೆ ದಿನದ ಕ್ಯಾಲೊರೀಲಿ 40 ಪರ್ಸೆಂಟ್ ಕಾರ್ಬ್ (ಅನ್ನ, ಸಕ್ಕರೆ ಥರದ್ದು), 30 ಪ್ರೋಟೀನ್, 30 ಫ್ಯಾಟ್ (ಕೊಬ್ಬು) ಹೊಂದಿಸ್ತಿದೀರಿ, ಅದಕ್ಕೆ ಅನ್ನ ಬಿಡ್ಬೇಕಾ ಅಂತ ಕೇಳಿದೀರಿ. ರಾತ್ರಿ ಅನ್ನ ಬಿಟ್ರೆ ಊಟದ ಲೆಕ್ಕ ಇಡೋ ಆಪಲ್ಲಿ ಪ್ರೋಟೀನ್ 30 ಪರ್ಸೆಂಟ್ ಹತ್ರ ಬರ್ತದೆ ಅಂತ ಬರ್ದಿದೀರಲ್ಲ, ಆ ಸಾಲು ನೋಡಿನೇ ಉತ್ತರ ಬರೀಲಿಕ್ಕೆ ಕೂತೆ. ನಾನು ಮಾಡಿದ್ದೂ ಅದೇ. ನೀವು ಕುಮಟಾದವ್ರು, ನಾನು ಇರೋದು ಕಾರವಾರ, ತವರು ಅಂಕೋಲಾ ಕಡೆ, ಅಂದ್ರೆ ನಮ್ಮ ತಟ್ಟೇಲಿ ಇರೋದು ಹೆಚ್ಚುಕಮ್ಮಿ ಒಂದೇ, ಕುಚ್ಚಲಕ್ಕಿ ಅನ್ನ, ಕಾಯಿ ಅರೆದು ಹಾಕಿದ ಮೀನ್ ಸಾರು, ಬದಿಗೊಂದು ಹುರಿದ ಮೀನು. ಹಂಗಾಗಿ ನನ್ನ ಕಥೆ ಕೇಳಿ, ನಿಮಗೆ ಉಪಯೋಗ ಆಗ್ತದೆ.

ಎರಡನೇ ಮಗು ಆದ್ಮೇಲೆ ಏರಿದ ತೂಕ ಇಳಿದೇ ಇರ್ಲಿಲ್ಲ. ಆಪ್ ಹಾಕ್ಕೊಂಡೆ, ಅದ್ರಲ್ಲಿ ಮೂರು ಬಣ್ಣದ ಒಂದು ಚಕ್ರ ಬರ್ತದಲ್ಲ, ಕಾರ್ಬ್ ಒಂದು ಬಣ್ಣ, ಪ್ರೋಟೀನ್ ಒಂದು, ಫ್ಯಾಟ್ ಒಂದು. ಶುರು ಮಾಡಿದ್ದು ಚಳಿಗಾಲದಲ್ಲಿ, ಪ್ಯಾಟೇಲಿ ಮೀನು ಬೇಕಾದಷ್ಟು, ದಿನಾ ಬಂಗಡೆನೋ ತಾರ್ಲೆನೋ ಇದ್ದೇ ಇರ್ತಿತ್ತು. ದಿನಕ್ಕೆ 1500 ಕ್ಯಾಲೊರಿ ಆಸುಪಾಸು, ಅದ್ರಲ್ಲಿ ಪ್ರೋಟೀನ್ 80 ಗ್ರಾಂ. ಪ್ರೋಟೀನ್ ಒಂದು ಗ್ರಾಂಗೆ 4 ಕ್ಯಾಲೊರಿ, ಸೋ 320 ಕ್ಯಾಲೊರಿ, ಚಕ್ರದಲ್ಲಿ 21 ಪರ್ಸೆಂಟ್. ತೂಕ ನಿಧಾನಕ್ಕೆ ಇಳೀತಿತ್ತು, ಹಸಿವೂ ಅಷ್ಟೇನ್ ಕಾಡ್ತಿರ್ಲಿಲ್ಲ, ಸದಾಶಿವಗಡದ ಗುಡ್ಡ ಒಂದೇ ಉಸಿರಿಗೆ ಹತ್ತಿ ಇಳೀತಿದ್ದೆ.

ಆಮೇಲೆ ಜೂನ್ ಬಂತು. ನಿಮಗೆ ಗೊತ್ತೇ ಇದೆ, ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟ್ ಕಡಲಿಗೆ ಇಳಿಯೋ ಹಂಗಿಲ್ಲ, ಬೈತಖೋಲ್ ಬಂದರಲ್ಲಿ ಎಲ್ಲಾ ಸಾಲಾಗಿ ಕಟ್ಟಿ ಹಾಕಿರ್ತಾರೆ. ನಾಡದೋಣಿಯವ್ರು ತಂದ ನಾಲ್ಕು ಮೀನಿಗೆ ಬಾಯಿಗೆ ಬಂದ ರೇಟು. ಮನೇಲಿ ಊಟ ಬದಲಾಯ್ತು, ಬೇಳೆ ಸಾರು, ಕಳಲೆ ಪಲ್ಯ, ಹಲಸಿನ ಬೀಜ, ಹಪ್ಪಳ. ಕ್ಯಾಲೊರಿ ಅಷ್ಟೇ ಇತ್ತು ಆದ್ರೆ ಪ್ರೋಟೀನ್ 45 ಗ್ರಾಂಗೆ ಬಿತ್ತು, ಚಕ್ರದಲ್ಲಿ 12 ಪರ್ಸೆಂಟ್.

ಇಲ್ಲೇ ನಾನು ಎಡವಿದ್ದು, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೇನೆ, ಯಾಕಂದ್ರೆ ನೀವೂ ಅದೇ ಜಾಗದಲ್ಲಿ ನಿಂತಿದೀರಿ. ಆ ಪ್ರೋಟೀನ್ ಬಣ್ಣ ಸಣ್ಣ ಆದದ್ದು ನೋಡಿ ಪ್ರೋಟೀನ್ ಹೆಚ್ಚು ಮಾಡೋದು ಬಿಟ್ಟು ಬಾಕಿ ಎರಡು ಬಣ್ಣ ಕಮ್ಮಿ ಮಾಡ್ತಾ ಹೋದೆ. ಮೊದಲು ರಾತ್ರಿ ಅನ್ನ ಬಿಟ್ಟೆ, ಆಮೇಲೆ ಬೆಳಗಿನ ಗಂಜಿ, ಆಮೇಲೆ ಸಾರಿಗೆ ಕಾಯಿ ಹಾಕೋದು ಬಿಟ್ಟೆ, ಒಗ್ಗರಣೆಗೂ ಎಣ್ಣೆ ಬಿಟ್ಟೆ. ಒಂದೊಂದು ಬಿಟ್ಟಾಗಲೂ ಪ್ರೋಟೀನ್ ಪರ್ಸೆಂಟ್ ಏರ್ತಿತ್ತು! ಕೊನೆಗೆ ತಿಂತಿದ್ದದ್ದು 850 ಕ್ಯಾಲೊರಿ, ಪ್ರೋಟೀನ್ 43 ಗ್ರಾಂ, ಅಂದ್ರೆ 172 ಕ್ಯಾಲೊರಿ, ಪರ್ಸೆಂಟ್ ತೆಗೀರಿ, 20. ಮೀನು ತಿಂತಿದ್ದಾಗ 21 ಇತ್ತು, ಈಗ 20. ಚಕ್ರ ನೋಡಿದ್ರೆ ಎರಡೂ ಒಂದೇ ಥರ. ಆದ್ರೆ ಮೈಗೆ ಸಿಗ್ತಿದ್ದ ಪ್ರೋಟೀನ್ ಹತ್ರಹತ್ರ ಅರ್ಧ. ಪರ್ಸೆಂಟ್ ಅನ್ನೋದು ಒಟ್ಟು ಊಟದಲ್ಲಿ ಪಾಲು ಎಷ್ಟು ಅಂತ ಹೇಳ್ತದೆ ಅಷ್ಟೇ, ಒಟ್ಟು ಕುಗ್ಗಿದ್ರೆ ಪಾಲು ತನ್ನಷ್ಟಕ್ಕೆ ದೊಡ್ಡದಾಗಿ ಕಾಣ್ತದೆ. ನಿಮ್ಮ ಸ್ನಾಯುಗಳಿಗೆ ಪರ್ಸೆಂಟ್ ಗೊತ್ತಿಲ್ಲ, ಗ್ರಾಂ ಮಾತ್ರ ಗೊತ್ತು. ಇದು ತಲೆಗೆ ಹೋಗಿದ್ರೆ ನನ್ನ ಒಂದು ವರ್ಷ ಉಳೀತಿತ್ತು.

ತೂಕ ಸರ ಸರ ಇಳೀತು, ಎಲ್ಲರೂ ಹೊಗಳಿದ್ರು. ತವರಿಗೆ ಹೋದಾಗ ಬಾವಿಯಿಂದ ಸೇದಿದ ಕೊಡ ಸೊಂಟಕ್ಕೆ ಏರಿಸಲಿಕ್ಕೆ ಆಗ್ಲಿಲ್ಲ, ಕೈ ನಡುಗ್ತಿತ್ತು, ಆಯಿ ಬಂದು ಇಸ್ಕೊಂಡ್ರು. ಗಣಪತಿ ಹಬ್ಬ ಕಳೆದ್ಮೇಲೆ ತಲೆಕೂದ್ಲು ಮುಷ್ಟಿ ಮುಷ್ಟಿ ಬರ್ಲಿಕ್ಕೆ ಶುರುವಾಯ್ತು. ಅಷ್ಟೊತ್ತಿಗೆ ನಾನು ಮತ್ತೆ ಮೀನು ತಿಂತಿದ್ದೆ, ಹಂಗಾಗಿ ಊಟದ ಮೇಲೆ ಡೌಟೇ ಬರ್ಲಿಲ್ಲ, ನೀರಿನ ದೋಷ ಅಂತ ಶಾಂಪೂ ಬದಲಾಯಿಸ್ತಾ ಕೂತೆ. ಡಾಕ್ಟರ್ ಹೇಳಿದ್ಮೇಲೆ ಗೊತ್ತಾಯ್ತು, ಊಟ ವಿಪರೀತ ಕಡಿಮೆ ಮಾಡಿದ್ರೆ ಕೂದ್ಲು ಉದುರೋದು ಎರಡು ಮೂರು ತಿಂಗಳು ಬಿಟ್ಟು. ದೀಪಾವಳಿ ಹೊತ್ತಿಗೆ ತೂಕ ವಾಪಸ್ ಬಂತು, ಸೊಂಟದ ಸುತ್ತ ಮೊದಲಿಗಿಂತ ಜಾಸ್ತಿನೇ ಬಂತು. ಹೋಗಿದ್ದು ಸ್ನಾಯು, ಬಂದದ್ದು ಕೊಬ್ಬು.

ಅದಕ್ಕೆ, 40-30-30 ಸರಿಯಾ 50-25-25 ಸರಿಯಾ ಅನ್ನೋ ಪ್ರಶ್ನೆನೇ ಬಿಟ್ಬಿಡಿ ಅಂತೇನೆ. ಆ ಚಕ್ರ ಇರೋ ಪೇಜ್ ತೆಗೀಲೇಬೇಡಿ, ಗ್ರಾಂ ತೋರಿಸೋ ಪೇಜ್ ನೋಡಿ. ನೀವು 74 ಕೆಜಿ, 65ಕ್ಕೆ ಬರ್ಬೇಕು ಅಂದಿದೀರಿ. ಗುರಿ ತೂಕಕ್ಕೇ ಲೆಕ್ಕ ಹಾಕಿ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಲೆಕ್ಕ ಒಂದು ಕೆಜಿಗೆ 0.83 ಗ್ರಾಂ, ಆದ್ರೆ ಅದು ತೂಕ ಇಳಿಸದೆ ಆರಾಮಿರೋರಿಗೆ. ಕಡಿಮೆ ತಿಂದು ಇಳಿಸೋವಾಗ ಸ್ನಾಯು ಉಳೀಬೇಕಂದ್ರೆ 1.2ರಿಂದ 1.6 ಬೇಕು. 1.4 ಹಿಡೀರಿ, ದಿನಕ್ಕೆ 90 ಗ್ರಾಂ. ಇದು ಮೊದಲು ತಟ್ಟೆಗೆ ಬೀಳ್ಬೇಕು. ಫ್ಯಾಟ್ 50 ಗ್ರಾಂ ಇಡಿ, ಅದಕ್ಕಿಂತ ತುಂಬಾ ಕೆಳಗೆ ಇಳೀಬೇಡಿ, ಎ, ಡಿ, ಇ, ಕೆ ವಿಟಮಿನ್ ಮೈಗೆ ಹತ್ತಲಿಕ್ಕೆ ಕೊಬ್ಬು ಬೇಕೇ ಬೇಕು. ಒಟ್ಟು 1600 ಕ್ಯಾಲೊರಿ ಅಂದ್ರೆ ಪ್ರೋಟೀನಿಗೆ 360 ಹೋಯ್ತು, ಫ್ಯಾಟ್ ಗ್ರಾಂಗೆ 9ರ ಲೆಕ್ಕದಲ್ಲಿ 450 ಹೋಯ್ತು, ಉಳಿದ 790 ಪೂರ್ತಿ ಕಾರ್ಬಿಗೆ, ಸುಮಾರು 200 ಗ್ರಾಂ. ಬೆಂದ ಅನ್ನ 100 ಗ್ರಾಂನಲ್ಲಿ ಕಾರ್ಬ್ 28 ಗ್ರಾಂ ಅಷ್ಟೇ. ಎರಡು ಹೊತ್ತು ಅನ್ನ ಉಂಡ್ರೂ ಇನ್ನೂ ಜಾಗ ಉಳೀತದೆ. ಅನ್ನ ಯಾಕೆ ಬಿಡ್ತೀರಿ?

ನಮ್ಮ ಕಡೆ ಊಟದಲ್ಲಿ ಲೆಕ್ಕ ತಪ್ಪಿಸೋದು ಅನ್ನ ಅಲ್ಲ, ಕಾಯಿ ಮತ್ತೆ ಹುರಿಯೋ ಎಣ್ಣೆ. 100 ಗ್ರಾಂ ಹಸಿ ಕಾಯಿತುರೀಲಿ 33 ಗ್ರಾಂ ಕೊಬ್ಬು, 350 ಕ್ಯಾಲೊರಿ. ಸಾರಿಗೆ ಒಂದು ಕಡಿ ಕಾಯಿ ತುರಿದು ಅರೆದ್ರೆ ಅದು ಎಷ್ಟು ಜನಕ್ಕೆ ಹಂಚ್ತದೆ ಅಂತ ನೋಡಿ. ಒಂದು ದೊಡ್ಡ ಚಮಚ ಎಣ್ಣೆ 120 ಕ್ಯಾಲೊರಿ, ರವಾ ಫ್ರೈ ಮಾಡುವಾಗ ರವೆ ಎಷ್ಟು ಎಣ್ಣೆ ಹೀರ್ತದೆ ಅಂತ ಅಳೆದವ್ರು ಯಾರು? ಕಾಯಿ ಬಿಡಿ ಅಂತ ನಾನು ಸತ್ರೂ ಹೇಳಲ್ಲ, ಕಾಯಿ ಇಲ್ಲದ ಬಂಗಡೆ ಸಾರು ಬಂಗಡೆ ಸಾರೇ ಅಲ್ಲ. ಆದ್ರೆ ತೂಗಿ ಹಾಕಿ. ಮೀನು ಕಾವಲಿ ಮೇಲೆ ಒಂದು ಚಮಚ ಎಣ್ಣೇಲಿ ಸುಡಿ.

ಇನ್ನು ಕೀಟೋ, ಅಂದ್ರೆ ಕಾರ್ಬ್ ಹತ್ರಹತ್ರ ಪೂರ್ತಿ ಬಿಟ್ಟು ಫ್ಯಾಟ್ ಜಾಸ್ತಿ ತಿನ್ನೋ ಪಥ್ಯ, ಮಾಡ್ಲಾ ಅಂತ ಕೇಳಿದಿರಿ. ಬೇಡ. ಮೊದಲ ವಾರ ಎರಡು ಮೂರು ಕೆಜಿ ಇಳಿದ್ರೆ ಅದ್ರಲ್ಲಿ ಬಹುಪಾಲು ನೀರು, ಮೈಯಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದ್ರೆ ಕಾರ್ಬಿನ ದಾಸ್ತಾನು, ಅದರ ಒಂದೊಂದು ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಇರ್ತದೆ, ಕಾರ್ಬ್ ನಿಲ್ಲಿಸಿದ ಕೂಡ್ಲೇ ಅದು ಹೋಗ್ತದೆ, ಅನ್ನ ಉಂಡ ದಿನ ವಾಪಸ್ ಬರ್ತದೆ. 2018ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವ್ರು 609 ಜನರನ್ನ ಎರಡು ಗುಂಪು ಮಾಡಿ ಒಂದು ವರ್ಷ ನೋಡಿದ್ರು, ಒಂದು ಗುಂಪಿಗೆ ಕಾರ್ಬ್ ಕಮ್ಮಿ, ಇನ್ನೊಂದಕ್ಕೆ ಫ್ಯಾಟ್ ಕಮ್ಮಿ. ಕಾರ್ಬ್ ಕಮ್ಮಿ ಮಾಡಿದವ್ರದ್ದು ಸರಾಸರಿ 6 ಕೆಜಿ ಇಳೀತು, ಫ್ಯಾಟ್ ಕಮ್ಮಿ ಮಾಡಿದವ್ರದ್ದು 5.3. ಅದನ್ನ ಫರಕು ಅಂತ ಲೆಕ್ಕಕ್ಕೇ ಹಿಡೀಲಿಲ್ಲ ಅವ್ರು. ಹಂಗಿರುವಾಗ ಕರಾವಳೀಲಿ ಹುಟ್ಟಿ ಗಂಜಿ ಬಿಟ್ಟು ಬದುಕೋ ಶಿಕ್ಷೆ ಯಾಕೆ ಮಾರಾಯ್ರೆ.

ಬೇಳೆನ ಪ್ರೋಟೀನ್ ಅಂತ ಬರ್ದಿದೀರಿ, ಅಲ್ಲೂ ಹುಷಾರು. ತೊಗರಿಬೇಳೆ 100 ಗ್ರಾಂನಲ್ಲಿ ಪ್ರೋಟೀನ್ 22 ಗ್ರಾಂ ಇದೆ ನಿಜ, ಆದ್ರೆ ಕಾರ್ಬ್ ಅದರ ಎರಡೂವರೆ ಪಟ್ಟು. ನಾವು ಮಾಡೋ ತೆಳು ಸಾರಲ್ಲಿ ಒಬ್ಬೊಬ್ಬರಿಗೆ ಬರೋದು 25 ಗ್ರಾಂ ಬೇಳೆ, ಅಂದ್ರೆ ಐದಾರು ಗ್ರಾಂ ಪ್ರೋಟೀನ್. ಒಂದು ಮಧ್ಯಮ ಬಂಗಡೇಲಿ 15 ಗ್ರಾಂ ಸಿಗ್ತದೆ.

ಕಿಡ್ನಿ ತೊಂದ್ರೆ ಇದ್ರೆ, ಶುಗರ್‌ಗೆ ಮಾತ್ರೆನೋ ಇನ್ಸುಲಿನ್ನೋ ತಗೊಳ್ತಿದ್ರೆ ಈ ಯಾವ ಲೆಕ್ಕಾನೂ ಡಾಕ್ಟರ್ ಕೇಳದೆ ಶುರು ಮಾಡ್ಬೇಡಿ.

ಈಗ ಮೇ ತಿಂಗಳು, ನಿಮಗೆ ಟೈಮ್ ಇದೆ. ಮೀನು ನಿಲ್ಲೋಕೆ ಮುಂಚೆ ಮಳೆಗಾಲದ ಪ್ರೋಟೀನ್ ಎಲ್ಲಿಂದ ಅಂತ ಈಗ್ಲೇ ಬರ್ದಿಟ್ಕೊಳ್ಳಿ. ನಾನೀಗ ಮಾಡೋದು, ಬೆಳಿಗ್ಗೆ ಗಂಜಿ ಜೊತೆ ಎರಡು ಮೊಟ್ಟೆ, ಅದು 12 ಗ್ರಾಂ. ಮಧ್ಯಾಹ್ನ ಕೋಳಿ ಇಲ್ಲಾಂದ್ರೆ 30 ಗ್ರಾಂ ಸೋಯಾ ಚಂಕ್ಸ್, ಅದ್ರಲ್ಲೇ 15 ಗ್ರಾಂ, ಬಂಗಡೆಗೆ ಅರೆಯೋ ಮಸಾಲೇನೇ ಹಾಕಿ ಮಾಡ್ತೇನೆ, ಮಕ್ಕಳೂ ತಿಂತಾರೆ. ಸಂಜೆ ಮೊಳಕೆ ಹೆಸರುಕಾಳು, ರಾತ್ರಿ ದೊಡ್ಡ ಬಟ್ಟಲು ಮೊಸರು, ಮತ್ತೊಂದು ಮೊಟ್ಟೆ ಸಾರು. ಒಣಮೀನೂ ಒಳ್ಳೇದೇ, ಆದ್ರೆ ಉಪ್ಪು ಜಾಸ್ತಿ, ಎರಡು ನೀರಲ್ಲಿ ನೆನೆಸಿ ತೊಳೆದು ಮಾಡಿ, ಬಿಪಿ ಇದ್ರೆ ಅದೂ ಬೇಡ. ರಾತ್ರಿ ಅನ್ನ ಮಾತ್ರ ಇವತ್ತಿಂದಲೇ ವಾಪಸ್ ಶುರು ಮಾಡಿ.