ಆಗಸ್ಟ್ ಕೊನೆಗೆ ನಾಪಾದಲ್ಲಿ ಮೂರು ರಾತ್ರಿ: ಕಲಬುರಗಿಯಿಂದ ಹೋಗೋ ಮನೆಮಂದಿಗೆ ಯಾವ ಹೋಟೆಲ್ ಸರಿ?

ನೀವು ಕೇಳಿರೋದು ಇಷ್ಟು. ಕಲಬುರಗಿಯಿಂದ ಗಂಡ-ಹೆಂಡತಿ, ಜೊತೆಗೆ 70 ದಾಟಿದ ಮಾವ, ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರೋ ಮಗಳ ಮನೆಗೆ ಹೊರಟಿದ್ದೀರಿ. ಆಗಸ್ಟ್ ಕೊನೇ ಶುಕ್ರವಾರದಿಂದ ಮೂರು ರಾತ್ರಿ ಅಲ್ಲಿನ ನಾಪಾ ಕಣಿವೆಯ ವೈನ್ ತೋಟಗಳ ನಡುವೆ ಒಳ್ಳೇ ಹೋಟೆಲ್‌ನಲ್ಲಿ ಉಳೀಬೇಕು. ಊಟ ಶುದ್ಧ ಶಾಕಾಹಾರ. ಐದು ಜನರಲ್ಲಿ ವೈನ್ ಮುಟ್ಟೋರು ಮಗಳು-ಅಳಿಯ ಇಬ್ಬರೇ. ಪಟ್ಟಿಯಲ್ಲಿ ಐದು ಹೋಟೆಲ್ ಬರೆದು ಯಾವುದು ಅಂತ ಕೇಳಿದ್ದೀರಿ.

ಹೋಟೆಲ್ ಆಮೇಲೆ ನೋಡೋಣ, ಮೊದಲು ದಿನ ಬದಲಿಸ್ರಿ. ಸೆಪ್ಟೆಂಬರ್ ಮೊದಲ ಸೋಮವಾರ ಅಲ್ಲಿ ಲೇಬರ್ ಡೇ ರಜೆ. ಅದಕ್ಕಂಟಿದ ವಾರಾಂತ್ಯಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಊರುಗಳೆಲ್ಲ ಅತ್ತ ಕಡೆಗೇ ಹೊರಡ್ತವೆ. ರಜೆ ಇರದ ಶನಿವಾರವೂ ಆ ಸೀಸನ್‌ನಲ್ಲಿ ದುಬಾರಿನೇ. ಬಹಳಷ್ಟು ಹೋಟೆಲ್‌ಗಳು ವಾರಾಂತ್ಯಕ್ಕೆ ಕನಿಷ್ಠ ಎರಡು ರಾತ್ರಿ ಅಂತ ಷರತ್ತು ಹಾಕ್ತವೆ. ಭಾನುವಾರ ಮಧ್ಯಾಹ್ನ ಹೋಗಿ ಬುಧವಾರ ಬೆಳಗ್ಗೆ ಹೊರಡೋ ಹಂಗ ಇಟ್ಟುಕೊಳ್ರಿ. ಅದೇ ರೂಮು ಕಡಿಮೆ ದರಕ್ಕೆ ಸಿಗ್ತದೆ, ಊಟದ ಟೇಬಲ್ಲೂ ಸುಲಭ. ಫ್ರೀಮಾಂಟ್‌ನಿಂದ ಸುಮಾರು 95 ಕಿಲೋಮೀಟರ್ ದಾರಿ. ಶುಕ್ರವಾರ ಸಂಜೆ ಹೊರಟರೆ ಸೇತುವೆ ದಾಟೋದ್ರೊಳಗೇ ಸಾಕಾಗ್ತದೆ.

ಇನ್ನು ನಾಪಾ ಕಣಿವೆ ಹೆಂಗಿದೆ ಅಂತ ತಿಳ್ಕೊಂಡ್ರೆ ಅರ್ಧ ಪ್ರಶ್ನೆ ತಾನಾಗೇ ಬಗೆಹರೀತದೆ. ದಕ್ಷಿಣದ ನಾಪಾ ಪಟ್ಟಣದಿಂದ ಉತ್ತರದ ಕ್ಯಾಲಿಸ್ಟೋಗಾವರೆಗೆ ಹೆಚ್ಚುಕಡಿಮೆ ಕಲಬುರಗಿಯಿಂದ ಆಳಂದದಷ್ಟು ದೂರ. ಉದ್ದಕ್ಕೂ ಎರಡು ರಸ್ತೆ: ಪಶ್ಚಿಮಕ್ಕೆ ಹೈವೇ 29, ಪೂರ್ವಕ್ಕೆ ಸಿಲ್ವರಾಡೋ ಟ್ರೇಲ್. 29ರಲ್ಲಿ ಮಧ್ಯಾಹ್ನದ ಮೇಲೆ ಗಾಡಿಗಳು ನಿಂತುಬಿಡ್ತವೆ, ಆಗ ಅಡ್ಡರಸ್ತೆ ಹಿಡಿದು ಸಿಲ್ವರಾಡೋಕ್ಕೆ ದಾಟಿಕೊಳ್ಳಬೇಕು. ಬಿಸಿಲಿನ ಲೆಕ್ಕ ನಮಗೆ ಉಲ್ಟಾ. ಸಮುದ್ರದ ಕೊಲ್ಲಿ ಇರೋದು ದಕ್ಷಿಣಕ್ಕೆ, ಮಂಜು ಬರೋದು ಅಲ್ಲಿಂದ. ಹಂಗಾಗಿ ದಕ್ಷಿಣ ತಂಪು, ಉತ್ತರಕ್ಕೆ ಹೋದಷ್ಟೂ ಸೆಕೆ. ಆಗಸ್ಟ್‌ನಲ್ಲಿ ಕ್ಯಾಲಿಸ್ಟೋಗಾದ ಮಧ್ಯಾಹ್ನ 35 ಡಿಗ್ರಿ ಮುಟ್ಟೋದು ಅಪರೂಪವೇನಲ್ಲ. ಮೇ ತಿಂಗಳ ಕಲಬುರಗಿ ಕಂಡವರಿಗೆ ಇದೇನು ಮಹಾ ಅನ್ನಿಸಬಹುದು. ಆದರೆ ರಾತ್ರಿ 12-13 ಡಿಗ್ರಿಗೆ ಇಳೀತದೆ, ಊಟಕ್ಕೆ ಕೂರಿಸೋದು ಬಯಲಲ್ಲಿ. ಮಾವನಿಗೆ ಸ್ವೆಟರ್, ಕಿವಿ ಮುಚ್ಚೋ ಟೋಪಿ ಕಟ್ಟಿಕೊಳ್ರಿ.

ಈಗ ನಿಮ್ಮ ಪಟ್ಟಿ. ರದರ್‌ಫರ್ಡ್‌ನ ಒಬೆರ್ಜ್ ದ್ಯು ಸೊಲೇಲ್ ಗುಡ್ಡದ ಮೇಲೆ, ಆಲಿವ್ ಮರಗಳ ನಡುವೆ ಇದೆ. ಅದರ ತಾರಸಿಯಿಂದ ಕಾಣೋ ಕಣಿವೆಯ ನೋಟಕ್ಕೆ ಸಾಟಿ ಇಲ್ಲ. ಆದರೆ ಇಳಿಜಾರು, ಮೆಟ್ಟಿಲು ಇರೋ ಜಾಗ, ಮೊಣಕಾಲು ನೋವಿನ ಹಿರಿಯರಿಗೆ ಅಲ್ಲ. ಮಧ್ಯಾಹ್ನ ಅಲ್ಲಿಗೆ ಊಟಕ್ಕೆ ಹೋಗಿ ನೋಟ ನೋಡಿ ಬರ್‍ರಿ, ಸಾಕು. ಮಾಂಟಾಜ್ ಹೀಲ್ಡ್ಸ್‌ಬರ್ಗ್ 2021ರಲ್ಲಿ ತೆರೆದದ್ದು, ಚೆಂದದ ಜಾಗವೇ. ಆದರೆ ಅದಿರೋದು ಪಕ್ಕದ ಸೊನೋಮಾದಲ್ಲಿ, ನಡುವೆ ಗುಡ್ಡಸಾಲು. ನಾಪಾಕ್ಕೆ ಬಂದು ಹೋಗೋದಕ್ಕೆ ತಾಸುಗಟ್ಟಲೆ ಕಾರಲ್ಲೇ ಕಳೀತದೆ. ಕ್ಯಾಲಿಸ್ಟೋಗಾದ ಫೋರ್ ಸೀಸನ್ಸ್ ಕೂಡ 2021ರದ್ದು. ಅಂಗಳದಲ್ಲೇ ದ್ರಾಕ್ಷಿ ತೋಟ, ತನ್ನದೇ ವೈನರಿ (ವೈನ್ ಮಾಡೋ ಜಾಗ), ನೆಲ ಸಮತಟ್ಟು. ಅದೇ ಊರಿನ ಸೊಲಾಜ್‌ನಲ್ಲಿ ಬಿಸಿನೀರಿನ ಬುಗ್ಗೆಯ ಕೊಳಗಳಿವೆ. ಈ ಎರಡೂ ಕೆಟ್ಟ ಆಯ್ಕೆಯಲ್ಲ, ಸೆಕೆಯೊಂದು ಬಿಟ್ಟರೆ.

ನನ್ನ ಓಟು ಯೌಂಟ್‌ವಿಲ್‌ನ ಬಾರ್ಡೆಸ್ಸೋನೊಗೆ. ಕಾರಣ ಹೋಟೆಲಿಗಿಂತ ಊರು. ಐವರಲ್ಲಿ ಮೂವರು ಕುಡಿಯೋದಿಲ್ಲ ಅಂದಮೇಲೆ, ಉಳಿದಿಬ್ಬರು ವೈನರಿಯಲ್ಲಿ ಕೂತಾಗ ಈ ಮೂವರು ಏನು ಮಾಡ್ತಾರೆ? ಗುಡ್ಡದ ರೆಸಾರ್ಟ್‌ನಲ್ಲಿ ರೂಮಲ್ಲೇ ಕೂರಬೇಕು. ಯೌಂಟ್‌ವಿಲ್‌ನಲ್ಲಿ ವಾಷಿಂಗ್ಟನ್ ಸ್ಟ್ರೀಟ್ ಅನ್ನೋದೇ ಮುಖ್ಯ ಬೀದಿ, ಸಪಾಟು, ಅಗಲ ಫುಟ್‌ಪಾತ್. ಬೇಕರಿ, ತೋಟ, ಬೀದಿಬದಿ ಶಿಲ್ಪಗಳು ಎಲ್ಲ ನಡೆದು ಮುಗಿಯೋ ದೂರ. ಹಿರಿಯರು ಬೆಳಗಿನ ವಾಕಿಂಗ್ ಬಿಡಬೇಕಾಗಿಲ್ಲ. ಅಲ್ಲಿ ರೂಮು ಸಿಗದಿದ್ರೆ ಅದೇ ಊರಿನ ಬೇರೆ ಹೋಟೆಲ್ ನೋಡ್ರಿ, ಊರು ಮಾತ್ರ ಬಿಡಬೇಡ್ರಿ.

ರೂಮು ಎರಡು ಬೇಕೋ ಮೂರೋ ಅಂತ ಮೊದಲೇ ತೀರ್ಮಾನಿಸ್ರಿ. ನಮ್ಮ ಕಡೆ ಲಾಡ್ಜ್‌ನವರು ಇನ್ನೊಂದು ಗಾದಿ ಹಾಕಿಬಿಡ್ತಾರೆ, ಅಲ್ಲಿ ಹಂಗೆ ಆಗೋದಿಲ್ಲ. ಒಂದೇ ಕಿಂಗ್ ಮಂಚದ ರೂಮಿಗೆ ಇಬ್ಬರೇ ಅನ್ನೋ ನಿಯಮ ಸಾಮಾನ್ಯ. ಎರಡು ಕ್ವೀನ್ ಮಂಚದ ರೂಮುಗಳು ಇಂಥ ಹೋಟೆಲ್‌ಗಳಲ್ಲಿ ಕಡಿಮೆ, ಬೇಗ ಮುಗೀತವೆ. ಆನ್‌ಲೈನ್ ಬುಕಿಂಗ್ ಆದ ಮೇಲೆ ಹೋಟೆಲಿಗೇ ಫೋನ್ ಹಚ್ಚಿ ಮೂರು ಮಾತು ಬರೆಸಿಕೊಳ್ರಿ: ಲಾಬಿಗೆ ಹತ್ತಿರ, ನೆಲಮಟ್ಟದ ರೂಮು; ನಡುವೆ ಬಾಗಿಲಿರೋ ಜೋಡಿ ರೂಮು; ಸ್ನಾನಕ್ಕೆ ಟಬ್ ಹತ್ತೋದು ಬೇಡ, ನಡೆದು ಒಳಹೋಗೋ ಶವರ್.

‘ವೈನ್‌ಯಾರ್ಡ್ ವ್ಯೂ’, ಅಂದ್ರೆ ಕಿಟಕಿಯಿಂದ ದ್ರಾಕ್ಷಿ ತೋಟ ಕಾಣೋ ರೂಮು, ಅಂತ ಹೆಚ್ಚಿಗೆ ದುಡ್ಡು ಕೇಳ್ತಾರಲ್ಲ, ಅದಕ್ಕೂ ಒಂದು ತಕರಾರಿದೆ. ಅಲ್ಲಿ ಕಟಾವು ಮಾಡೋದು ರಾತ್ರಿ. ನಡುರಾತ್ರಿ ದಾಟಿದ ಮೇಲೆ ತಲೆಗೆ ಲೈಟ್ ಕಟ್ಟಿಕೊಂಡ ಆಳುಗಳು, ಟ್ರ್ಯಾಕ್ಟರ್, ಫ್ಲಡ್‌ಲೈಟ್ ಎಲ್ಲ ತೋಟಕ್ಕಿಳೀತವೆ. ತಂಪಿನಲ್ಲಿ ಕೊಯ್ದ ಹಣ್ಣು ಗಟ್ಟಿ ಇರ್ತದೆ, ವೈನರಿ ಮುಟ್ಟೋದ್ರೊಳಗೆ ಹುಳಿಯೋದಿಲ್ಲ, ಅದಕ್ಕೇ ಈ ಕ್ರಮ. ನೋಡೋರಿಗೆ ಹಬ್ಬ, ಮಲಗೋರಿಗೆ ಅಲ್ಲ. ಮಾವನ ರೂಮು ಅಂಗಳದ ಕಡೆ ಇರಲಿ.

ನಾಸಿಕ್, ವಿಜಯಪುರದ ತೋಟ ನೋಡಿದವರು ಆ ಲೆಕ್ಕ ಇಲ್ಲಿ ಹಾಕಬಾರದು. ನಮ್ಮಲ್ಲಿ ವರ್ಷಕ್ಕೆ ಎರಡು ಚಾಟ್ನಿ (ಬಳ್ಳಿ ಕತ್ತರಿಸೋದು), ಹಣ್ಣು ಜನವರಿಯಿಂದ ಮಾರ್ಚ್‌ವರೆಗೆ. ಅಲ್ಲಿ ಚಳಿಗಾಲದಲ್ಲಿ ಒಂದೇ ಚಾಟ್ನಿ, ಕಟಾವು ಆಗಸ್ಟ್‌ನಿಂದ ಅಕ್ಟೋಬರ್. ಮೊದಲು ಕೊಯ್ಯೋದು ನೊರೆವೈನಿನ ಹಣ್ಣು, ಕೊನೆಗೆ ಕ್ಯಾಬರ್ನೆ ಅನ್ನೋ ಕೆಂಪು ವೈನಿನ ದ್ರಾಕ್ಷಿ. ನೀವು ಹೋಗೋ ಹೊತ್ತಿಗೆ ಕ್ಯಾಬರ್ನೆ ಗೊಂಚಲು ಕಪ್ಪಗಿರ್ತದೆ, ಆದರೆ ಮಾಗಿರೋದಿಲ್ಲ. ಕೇಳಿಕೊಂಡು ಒಂದು ಕಾಳು ಬಾಯಿಗೆ ಹಾಕ್ಕೊಂಡು ನೋಡ್ರಿ: ಬಟಾಣಿಯಷ್ಟೇ ಗಾತ್ರ, ದಪ್ಪ ಸಿಪ್ಪೆ, ಒಳಗೆ ಬೀಜ. ಆ ಬೀಜ ಹಸಿರಿದ್ರೆ ಒಗರು, ಕಂದಾಗಿ ಕಟುಕ್ ಅಂತ ಮುರಿದ್ರೆ ಹಣ್ಣು ಆಯಿತು ಅಂತ ಅರ್ಥ. ಸಕ್ಕರೆ 24-26 ಬ್ರಿಕ್ಸ್‌ವರೆಗೆ (ರಸದಲ್ಲಿನ ಸಕ್ಕರೆಯ ಅಳತೆ) ಏರಿಸಿ ಕೊಯ್ತಾರೆ.

ದುಡ್ಡಿನ ಮಾತು. ಈ ದರ್ಜೆಯ ಹೋಟೆಲ್‌ಗಳಲ್ಲಿ ಸೀಸನ್‌ನಾಗ ಒಂದು ರಾತ್ರಿ 1000 ಡಾಲರ್ ದಾಟೋದು ಸಾಮಾನ್ಯ. ವಾರದ ನಡುವೆ 900ಕ್ಕೆ ಸಿಕ್ತು ಅಂತ ಹಿಡೀರಿ. ಮೂರು ರಾತ್ರಿಗೆ 2700, ಮೇಲೆ ಸ್ಥಳೀಯ ತೆರಿಗೆಗಳು ಸೇರಿ ಸುಮಾರು ಶೇ. 14-15, ಅಂದ್ರೆ 400 ಡಾಲರ್ ಹತ್ತಿರ. ಎರಡು ರೂಮಿಗೆ 6200. ರೆಸಾರ್ಟ್ ಫೀ ಅಂತ ಕೊನೇಗೆ ಸೇರಿಸೋ ಚಾಳಿ ಇತ್ತು. 2024ರ ಜುಲೈ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಕಡ್ಡಾಯ ಶುಲ್ಕವನ್ನ ತೋರಿಸೋ ದರದಲ್ಲೇ ಸೇರಿಸಬೇಕು, ತೆರಿಗೆ ಮಾತ್ರ ಆಮೇಲೆ. ಪಾರ್ಕಿಂಗ್ ಬೇರೆ ಇದೆಯೋ ಕೇಳ್ರಿ. ಟಿಪ್ಸ್ ಊಟಕ್ಕೆ ಶೇ. 18-20.

ಹೆಚ್ಚು ಜನ ಎಡವೋದು ಕಾರ್ಡಿನಲ್ಲಿ. ಚೆಕ್-ಇನ್ ಆಗುವಾಗ ಮುಂಗಡ ಭದ್ರತೆಗೆ ಅಂತ ದಿನಕ್ಕೆ ನೂರಾರು ಡಾಲರ್ ತಡೆಹಿಡೀತಾರೆ. ಮೊದಲೇ ಡಾಲರ್ ತುಂಬಿಸಿದ ಫಾರೆಕ್ಸ್ ಕಾರ್ಡ್ ಕೊಟ್ರೆ ಆ ದುಡ್ಡು ಹೋಟೆಲ್ ಬಿಟ್ಟ ಮೇಲೂ ವಾರಗಟ್ಟಲೆ ಸಿಕ್ಕಿಹಾಕಿಕೊಂಡಿರ್ತದೆ, ಪ್ರವಾಸದ ಉಳಿದ ದಿನಕ್ಕೆ ಕೈ ಖಾಲಿ. ಮಗಳ ಅಲ್ಲಿನ ಕ್ರೆಡಿಟ್ ಕಾರ್ಡ್ ಕೊಟ್ಟು ಬಿಡ್ರಿ.

ರದ್ದು ಮಾಡಿದ್ರೆ ದುಡ್ಡು ವಾಪಸ್ ಬರೋ ದರಕ್ಕೇ ಬುಕ್ ಮಾಡ್ರಿ, ಸ್ವಲ್ಪ ಹೆಚ್ಚಾದ್ರೂ ಪರವಾಗಿಲ್ಲ. ಅದು ಕಾಳ್ಗಿಚ್ಚಿನ ಕಾಲ. 2020ರ ಗ್ಲಾಸ್ ಫೈರ್ ಅನ್ನೋ ಕಾಳ್ಗಿಚ್ಚಿನಲ್ಲಿ ಕ್ಯಾಲಿಸ್ಟೋಗಾ ರ‍್ಯಾಂಚ್ ಅನ್ನೋ ರೆಸಾರ್ಟೇ ಸುಟ್ಟುಹೋಯ್ತು. ಬೆಂಕಿ ದೂರ ಇದ್ರೂ ಹೊಗೆ ಕಣಿವೆ ತುಂಬ್ತದೆ. ರದ್ದು ಮಾಡೋ ಗಡುವು ಕೆಲವು ಕಡೆ 14 ದಿನ ಮೊದಲು, ಅದನ್ನ ಫೋನಿನ ಕ್ಯಾಲೆಂಡರ್‌ಗೆ ಹಾಕಿಕೊಳ್ರಿ. ಹೊರಡೋ ವಾರ ಅಮೆರಿಕ ಸರ್ಕಾರದ ಏರ್‌ನೌ ತಾಣದಲ್ಲಿ ಗಾಳಿ ಸೂಚ್ಯಂಕ ನೋಡ್ರಿ. 100 ದಾಟಿದ್ರೆ ಉಸಿರಿನ ತೊಂದರೆ ಇರೋ ಹಿರಿಯರನ್ನ ಕರ್ಕೊಂಡು ಹೋಗಬೇಡ್ರಿ.

ಊಟದ ವಿಷಯಕ್ಕೆ ‘ವೆಜಿಟೇರಿಯನ್’ ಅನ್ನೋ ಒಂದೇ ಪದ ಸಾಲದು, ಅಲ್ಲಿ ಅದರೊಳಗೆ ಮೊಟ್ಟೆ ಸೇರಿದೆ. ಮೊಟ್ಟೆ ಬೇಡ, ಸೂಪಿಗೆ ಕೋಳಿ ಕುದಿಸಿದ ನೀರು ಬೇಡ, ಪಾರ್ಮೆಸಾನ್ ಬೇಡ ಅಂತ ಬಿಡಿಸಿ ಹೇಳಬೇಕು. ಅಸಲಿ ಪಾರ್ಮೆಸಾನ್ ಚೀಸ್‌ಗೆ ಹಾಲು ಒಡೆಸೋದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಅನ್ನೋ ಕಿಣ್ವದಿಂದ. ನಮ್ಮ ಹಂಗೆ ರಾತ್ರಿ ಒಂಬತ್ತೂವರೆಗೆ ಉಣ್ಣೋಕೆ ಹೋದ್ರೆ ಬಹಳ ಕಡೆ ಅಡುಗೆಮನೆ ಮುಚ್ಚಿರ್ತದೆ, ಏಳಕ್ಕೇ ಟೇಬಲ್ ಹಿಡೀರಿ. ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ ಒಯ್ಯಬಹುದು, ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಮಾತ್ರ ತಿನ್ನೋ ಸಾಮಾನು ಇದೆ ಅಂತ ಹೇಳಿಬಿಡ್ರಿ. ರೂಮಿನಲ್ಲಿ ಕಾಫಿ ಮಷಿನ್ ಇರ್ತದೆ, ಕೆಟಲ್ ಕೇಳಿ ತರಿಸಿಕೊಳ್ಳಬೇಕು.

ವೈನ್ ಟೇಸ್ಟಿಂಗ್‌ಗೆ ದಿನಕ್ಕೆ ಎರಡು ವೈನರಿ ಸಾಕು, ಮುಂಗಡ ಬುಕಿಂಗ್ ಬೇಕೇ ಬೇಕು. ತಲೆಗೆ 50ರಿಂದ 100 ಡಾಲರ್, ಹೆಸರುವಾಸಿ ಕಡೆ ಇನ್ನೂ ಹೆಚ್ಚು. ಕುಡಿಯದವರು ಬರ್ತಾರೆ ಅಂತ ಬುಕ್ ಮಾಡುವಾಗಲೇ ತಿಳಿಸ್ರಿ. ಕೆಲವರು ಅವರಿಂದ ದುಡ್ಡು ಕೇಳೋದಿಲ್ಲ, ಕೆಲವರು ಕೂರೋ ಕುರ್ಚಿಗೇ ದರ ಹಾಕ್ತಾರೆ. ಒಂದು ಸಲಕ್ಕೆ ಸುರಿಯೋದು ಸುಮಾರು 30 ಮಿಲಿ, ಐದು ಬಗೆ ಕುಡಿದ್ರೆ ಒಂದು ಪೂರ್ತಿ ಗ್ಲಾಸ್ ಆಯ್ತು. ಉಗುಳೋ ಪಾತ್ರೆ ಇಟ್ಟಿರ್ತಾರೆ, ಬಳಸೋದಕ್ಕೆ ನಾಚಿಕೆ ಬೇಡ. ಕಾರು ಮಾತ್ರ ಅಳಿಯ ಓಡಿಸೋದು ಬೇಡ, ಡ್ರೈವರ್ ಇರೋ ಗಾಡಿ ಹಿಡೀರಿ.

ಕ್ಯಾಲಿಸ್ಟೋಗಾದ ಕೆಸರು ಸ್ನಾನಕ್ಕೆ ಬಿ.ಪಿ., ಹೃದಯದ ಕಾಯಿಲೆ ಇರೋರು ಹೋಗಬಾರದು. ಬೇರೆಯವರು ಹೋಗೋದಾದ್ರೆ ಬಟ್ಟೆಯ ನಿಯಮ ಮೊದಲೇ ಕೇಳ್ರಿ. ಹಳೇ ಪದ್ಧತಿಯ ಕಡೆ ಬಟ್ಟೆ ಇಲ್ಲದೇ ಮಲಗಿಸ್ತಾರೆ, ನಮ್ಮವರು ಒಳಗೆ ಹೋಗಿ ಗಾಬರಿಯಾಗಿ ಹೊರಗೆ ಬರೋದು ಅಲ್ಲೇ.

ಊರಿಗೆ ಬಾಟಲಿ ತರೋದಾದ್ರೆ ಭಾರತದ ಕಸ್ಟಮ್ಸ್‌ನಲ್ಲಿ ಒಬ್ಬರಿಗೆ ಸುಂಕವಿಲ್ಲದೆ 2 ಲೀಟರ್. 750 ಮಿಲಿಯ ಎರಡು ಬಾಟಲಿ ಸರಿ, ಮೂರನೆಯದು ಮಿತಿ ದಾಟ್ತದೆ. ಕೊಂಡದ್ದನ್ನ ಮಧ್ಯಾಹ್ನದ ಬಿಸಿಲಲ್ಲಿ ಕಾರಿನ ಡಿಕ್ಕಿಯೊಳಗೆ ಬಿಡಬೇಡ್ರಿ. ಒಳಗೆ ಕಾದು ವೈನ್ ಉಬ್ಬಿ ಕಾರ್ಕ್ ಮೇಲೆ ಏಳ್ತದೆ, ಗಾಳಿ ಒಳಗೆ ಹೋಗ್ತದೆ. ಕಲಬುರಗಿಯಲ್ಲಿ ಬಿಚ್ಚೋ ಹೊತ್ತಿಗೆ ನೀವು ಕೊಂಡ ವೈನ್ ಅದಾಗಿರೋದಿಲ್ಲ. ಥರ್ಮೋಕೋಲ್ ಡಬ್ಬಿ ವೈನರಿಯಲ್ಲೇ ಕೇಳಿ ತಗೊಳ್ರಿ, ದಿನದ ಕೊನೇ ವೈನರಿಯಲ್ಲೇ ಖರೀದಿ ಮಾಡ್ರಿ.