ಸೆಕೆಗೆ ದನದ ಹೊಟ್ಟೆಯಲ್ಲಿ ಹುಲ್ಲು ಕರಗುವುದಿಲ್ಲವೇ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಮ್ಮದು ಅಂಕೋಲಾ ಹತ್ತಿರದ ಹಳ್ಳಿ. ಜೆರ್ಸಿ ಮಿಶ್ರತಳಿ ಹಸು, ಎರಡನೇ ಕರು ಹಾಕಿದೆ. ಏಪ್ರಿಲ್ ಬಂದಿದ್ದೇ ಬೈಹುಲ್ಲನ್ನು ಅರ್ಧಕ್ಕೇ ಬಿಡುತ್ತಿದೆ. 8 ಲೀಟರ್ ಹಾಲು 5ಕ್ಕೆ ಇಳಿದಿದೆ. ಶಿರಸಿಯಲ್ಲಿ ತಂಗಿಯ ಮನೆ ಹಸು ಇಂಥದೇ ಹುಲ್ಲು ತಿಂದು ಚೆನ್ನಾಗಿದೆ. ‘ಸೆಕೆಗೆ ಹುಲ್ಲು ಕರಗುವುದಿಲ್ಲ, ಹಿಂಡಿ ಜಾಸ್ತಿ ಹಾಕಿ’ ಅಂತ ಪಕ್ಕದವರು ಹೇಳುತ್ತಾರೆ. ಹಾಕಲಾ?

ಉತ್ತರ: ಬೇಡ ಅಕ್ಕ. ಹುಲ್ಲು ಕರಗುತ್ತದೆ. ನಿಧಾನಕ್ಕೆ ಕರಗುತ್ತದೆ, ಅಷ್ಟೇ.

ದನದ ದೊಡ್ಡ ಹೊಟ್ಟೆಯೊಳಗೆ ಮಳೆಗಾಲ, ಬೇಸಿಗೆ ಎನ್ನದೆ ಸುಮಾರು 39 ಡಿಗ್ರಿ ಬಿಸಿ ಇರುತ್ತದೆ. ಹುಲ್ಲು ಕರಗಿಸುವ ಸೂಕ್ಷ್ಮಜೀವಿಗಳಿಗೆ ಅದೇ ಹಿತ. ಅವು ಕೆಲಸ ಮಾಡುವಾಗ ಶಾಖ ಹುಟ್ಟುತ್ತದೆ. ಗೊಬ್ಬರಗುಂಡಿಗೆ ಕೈ ಹಾಕಿದರೆ ಬಿಸಿ ತಾಗುತ್ತದಲ್ವಾ, ಹಾಗೆ. ಹುಲ್ಲು ಒರಟಾದಷ್ಟೂ ಶಾಖ ಜಾಸ್ತಿ. ನಮ್ಮ ಕರಾವಳಿಯಲ್ಲಿ ಬೆವರು ಆರುವುದಿಲ್ಲ, ಒಳಗಿನ ಬಿಸಿ ಹೊರಗೆ ಹೋಗುವುದಿಲ್ಲ. ಅದಕ್ಕೇ ಹಸು ತಾನಾಗಿ ಮೇವು ಕಡಿಮೆ ಮಾಡುತ್ತದೆ. ಘಟ್ಟದ ಮೇಲೆ ರಾತ್ರಿಯಾದರೂ ತಂಪು, ನಿಮ್ಮ ತಂಗಿಯ ಹಸು ಆಗ ತಿನ್ನುತ್ತದೆ.

ಸೆಕೆಗೆ ಹೊಟ್ಟೆಯ ಚಲನೆಯೂ ಮಂದವಾಗುತ್ತದೆ. ಎಡಪಕ್ಕೆಯ ಹಿಂದಿನ ಗುಳಿಗೆ ಮುಷ್ಟಿ ಒತ್ತಿ ಹಿಡಿಯಿರಿ. ಒಳಗಿನಿಂದ ಯಾರೋ ಮೆಲ್ಲಗೆ ದೂಡಿದ ಹಾಗಾಗುತ್ತದೆ. ಆರೋಗ್ಯದ ಹಸುವಿಗೆ 2 ನಿಮಿಷಕ್ಕೆ ಎರಡು, ಮೂರು ಸಲ. ನಸುಕಿನಲ್ಲಿ ಒಮ್ಮೆ ನೋಡಿ, ಮಧ್ಯಾಹ್ನ ಇನ್ನೊಮ್ಮೆ ನೋಡಿ. ವ್ಯತ್ಯಾಸ ಕೈಗೇ ತಿಳಿಯುತ್ತದೆ. ಹುಲ್ಲು ಜಾಸ್ತಿ ಹೊತ್ತು ಒಳಗೇ ಉಳಿಯುವುದರಿಂದ ತಿಂದಷ್ಟು ಚೆನ್ನಾಗಿಯೇ ಕರಗುತ್ತದೆ, ಕೆಲವೊಮ್ಮೆ ಇನ್ನೂ ಚೆನ್ನಾಗಿ. ತಿನ್ನುವುದೇ ಕಡಿಮೆ, ಹಾಲು ಇಳಿಯಲು ಅದೊಂದು ದೊಡ್ಡ ಕಾರಣ. ಕೆನಡಾದಂಥ ಚಳಿ ದೇಶದಲ್ಲಿ ಇದು ತಿರುಗುಮುರುಗು. ಅಲ್ಲಿ ಹೊಟ್ಟೆ ಚುರುಕಾಗಿ, ಪೂರ್ತಿ ಕರಗುವ ಮೊದಲೇ ಮೇವು ಮುಂದೆ ಸಾಗುತ್ತದೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕುಮಟಾ ಕಡೆಯ ಒಂದು ಮನೆಗೆ ಹೋಗಿದ್ದೆ. ಮೇ ತಿಂಗಳು, ತಗಡಿನ ಮಾಡು, ಹಸುವಿನ ಬಾಯಿಂದ ಜೊಲ್ಲು. ಮೂರು ದಿನ ಜೀರ್ಣದ ಪುಡಿ ಕೊಟ್ಟೆ, ಏನೂ ಆಗಲಿಲ್ಲ. ಆ ಮನೆಯ ಅಜ್ಜಿ ಹಗಲಿನ ಹುಲ್ಲು ನಿಲ್ಲಿಸಿ ರಾತ್ರಿ ಊಟವಾದ ಮೇಲೆ ಹಾಕತೊಡಗಿದರು. ತಗಡಿನ ಮೇಲೆ ಅಡಿಕೆ ಸೋಗೆ ಹೊದಿಸಿದರು. ಮುಂದಿನ ವಾರ ಹೋದಾಗ ಹಸು ಕಣ್ಣು ಅರ್ಧ ಮುಚ್ಚಿ ಮೆಲುಕು ಹಾಕುತ್ತಿತ್ತು. ಅಂದಿನಿಂದ ನಾನು ಮೊದಲು ಕೇಳುವುದು ‘ಎಷ್ಟು ಹೊತ್ತಿಗೆ ಹುಲ್ಲು ಹಾಕುತ್ತೀರಿ?’ ಅಂತ.

ಮೇವು ತಿಂದ ಮೂರ್ನಾಲ್ಕು ತಾಸಿಗೆ ಒಳಗಿನ ಶಾಖ ಏರುತ್ತದೆ. ಬೆಳಿಗ್ಗೆ 9ಕ್ಕೆ ಹಾಕಿದ ಹುಲ್ಲಿನ ಬಿಸಿ ನಡುಮಧ್ಯಾಹ್ನದ ಬಿಸಿಲಿಗೆ ಕೂಡುತ್ತದೆ. ಹಾಗಾಗಿ ಬೈಹುಲ್ಲಿನ ಹೆಚ್ಚಿನ ಪಾಲು ಸೂರ್ಯ ಮುಳುಗಿದ ಮೇಲೆ, ಉಳಿದದ್ದು ನಸುಕಿನಲ್ಲಿ ಹಾಕಿ. ಸಣ್ಣಗೆ ಕತ್ತರಿಸಿ ನೀರು ಚಿಮುಕಿಸಿ. ಹಗಲಿಗೆ ಸ್ವಲ್ಪ ಹಸಿಹುಲ್ಲು ಸಾಕು. ತಣ್ಣನೆಯ ನೀರು ಮಾತ್ರ ಯಾವಾಗಲೂ ಬಾಯಿಗೆ ಸಿಗುವಂತಿರಲಿ.

ಹಿಂಡಿ ಏಕೆ ಬೇಡ ಅಂದೆ? ಹೊಟ್ಟೆಯ ಹುಳಿ ಮುರಿಯುವ ಸೋಡಾ ಇರುವುದು ಜೊಲ್ಲಿನಲ್ಲಿ. ಏದುಸಿರಿನ ಹಸು ಅದನ್ನು ನೆಲಕ್ಕೆ ಸುರಿಸುತ್ತದೆ, ಮೆಲುಕೂ ಕಡಿಮೆ. ಆಗ ಹಿಂಡಿ ಏರಿಸಿದರೆ ಹೊಟ್ಟೆ ಹುಳಿಯಾಗುತ್ತದೆ. ಈಗ ಕೊಡುವಷ್ಟನ್ನೇ ಮೂರು ಸಲ ಮಾಡಿ ಕೊಡಿ.

ನೆರಳಿನಲ್ಲೂ ನಿಮಿಷಕ್ಕೆ 80 ದಾಟಿ ಉಸಿರಾಡಿದರೆ, ಇಲ್ಲವೇ ಒಂದು ಇಡೀ ದಿನ ಮೆಲುಕು ಹಾಕದಿದ್ದರೆ ಕಾಯಬೇಡಿ. ಮೈಗೆ ನೀರು ಹೊಯ್ದು ಪಶುವೈದ್ಯರನ್ನು ಕರೆಸಿ.