ಗ್ರೇಟ್ ಡಿಕ್ಸ್ಟರ್: ಯಾವುದು ಹಳೇದು, ಯಾವುದು ಲುಟ್ಯೆನ್ಸ್ ಕಟ್ಟಿದ್ದು?

ಗ್ರೇಟ್ ಡಿಕ್ಸ್ಟರ್ ಫೋಟೋ ಹಾಕಿ, ಇದು 15ನೇ ಶತಮಾನದ ಮನೆಯಾ ಇಲ್ಲಾ ವಾಸ್ತುಶಿಲ್ಪಿ ಲುಟ್ಯೆನ್ಸ್ ಕಟ್ಟಿದ್ದಾ ಅಂತ ಕೇಳಿದ್ದೀರಿ. ಎರಡೂ ಹೌದು. ಜೊತೆಗೆ ಮೂರನೇದೂ ಒಂದಿದೆ.

ಇಂಗ್ಲೆಂಡಿನ ಈಸ್ಟ್ ಸಸೆಕ್ಸ್‌ನಲ್ಲಿರುವ ಈ ಮನೆಯನ್ನು ನಥಾನಿಯಲ್ ಲಾಯ್ಡ್ 1910ರಲ್ಲಿ ಕೊಂಡರು. ಅವರು ಕರೆಸಿದ್ದು ಎಡ್ವಿನ್ ಲುಟ್ಯೆನ್ಸ್ ಅವರನ್ನು, ಆಮೇಲೆ ದೆಹಲಿಯ ರಾಷ್ಟ್ರಪತಿ ಭವನ ಮಾಡಿದವರೇ. ಹಳೇ ದೊಡ್ಡ ಹಾಲ್‌ಗೆ ಯಾರೋ ಮಧ್ಯೆ ಅಟ್ಟ ಹಾಕಿ ಕೋಣೆ ಮಾಡಿಕೊಂಡಿದ್ದರು. ಲುಟ್ಯೆನ್ಸ್ ಅದನ್ನೆಲ್ಲ ಕಿತ್ತು ಹಾಕಿಸಿದರು, ಹಾಗಾಗಿ ಈಗ ಒಳಗೆ ನಿಂತು ಕತ್ತೆತ್ತಿದರೆ ಸೂರಿನ ಓಕ್ ತೊಲೆಗಳು ನೇರವಾಗಿ ಕಾಣುತ್ತವೆ.

ಆದರೂ ಜಾಗ ಸಾಲಲಿಲ್ಲ. ಕೆಂಟ್‌ನ ಬೆನೆಂಡನ್‌ನಲ್ಲಿ ಹಾಳುಬಿದ್ದಿದ್ದ ಇನ್ನೊಂದು ಹಳೇ ಮರದ ಮನೆಯನ್ನು ಕೊಂಡು, ತೊಲೆಗಳಿಗೆ ನಂಬರ್ ಹಾಕಿ, ಬಿಚ್ಚಿ ತಂದು, ಇಲ್ಲಿ ಹಿಂದುಗಡೆ ಮತ್ತೆ ಜೋಡಿಸಿದರು! ಅದೇ ಆ ಮೂರನೇದು.

ಗುರುತು ಹಿಡಿಯೋದು ಸುಲಭ. ಮರದ ಚೌಕಟ್ಟು, ನಡುವೆ ಗಾರೆ ಇದ್ದರೆ ಹಳೇದು. ಕೆಂಪು ಹೆಂಚು ಹೊದಿಸಿದ ಗೋಡೆ, ಎತ್ತರದ ಇಟ್ಟಿಗೆ ಚಿಮಣಿ ಕಂಡರೆ ಲುಟ್ಯೆನ್ಸ್‌ದು. ಹೊಸ ಭಾಗಕ್ಕೆ ಸುಮ್ನೆ ಮರ ಅಂಟಿಸಿ ಹಳೇದು ಅಂತ ನಟಿಸಲಿಲ್ಲ, ನನಗೆ ಜಾಸ್ತಿ ಇಷ್ಟ ಆಗೋದು ಇದೇ. ಮನೆಯನ್ನೇ ಎತ್ತಿ ತಂದಿದ್ದನ್ನು ಮಾತ್ರ ಇಂಗ್ಲಿಷ್ ವಿನ್ಯಾಸಕಾರ ವಿಲಿಯಂ ಮಾರಿಸ್ ಒಪ್ಪುತ್ತಿದ್ದರಾ? ಹಳೇ ಕಟ್ಟಡಗಳನ್ನು ಇದ್ದ ಹಾಗೇ ಉಳಿಸಬೇಕು ಅಂತ 1877ರಲ್ಲಿ ಸಂಘ ಕಟ್ಟಿದವರು, ನನಗಂತೂ ಅನುಮಾನ.